ಊರಿಗೊಂದು ಐಟಿ ಕಂಪನಿ ಬಂದರೆ ಊರು ಉದ್ಧಾರವಾಗುತ್ತದೆಯೇ? ಫಾರ್ವರ್ಡ್‌ಗಳು ಹೇಳದ ಲೆಕ್ಕ

ಮೂರು ಬಗೆಯ ಫಾರ್ವರ್ಡ್‌ಗಳು ನಿಮ್ಮ ಫೋನಿಗೂ ಬಂದಿರುತ್ತವೆ. ಮೊದಲನೆಯದರಲ್ಲಿ ಪಂಚೆ ಉಟ್ಟು ಸೈಕಲ್ ಹಿಡಿದು ನಿಂತ ಒಬ್ಬರ ಫೋಟೊ; ಇವರು ಹಳ್ಳಿಯಲ್ಲಿ ಕೂತು ಸಾವಿರಾರು ಕೋಟಿಯ ಸಾಫ್ಟ್‌ವೇರ್ ಕಂಪನಿ ನಡೆಸುತ್ತಾರೆ, ನಮ್ಮ ಮಕ್ಕಳು ಮಾತ್ರ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಒದ್ದಾಡುತ್ತಿದ್ದಾರೆ ಎಂಬರ್ಥದ ಸಾಲು. ಎರಡನೆಯದು, ನಮ್ಮ ಜಿಲ್ಲೆಗೆ ಐಟಿ ಪಾರ್ಕ್ ಬರುತ್ತಿದೆ, ರೇಟು ಏರುವ ಮುಂಚೆ ಸೈಟು ಬುಕ್ ಮಾಡಿ ಎನ್ನುವುದು. ಮೂರನೆಯದು, ಮನೆಯಲ್ಲೇ ಕೂತು ಕಂಪ್ಯೂಟರ್ ಕೆಲಸ ಮಾಡಿ ತಿಂಗಳಿಗೆ ಮೂವತ್ತು ಸಾವಿರ ಗಳಿಸಿ ಎನ್ನುವ ಆಮಿಷ.

ಮೊದಲನೆಯದು ನಿಜ, ಆದರೆ ಅರ್ಧ ಕಥೆ. ಎರಡನೆಯದು ಕೆಲವೊಮ್ಮೆ ನಿಜ. ಮೂರನೆಯದು ಬಹುತೇಕ ಮೋಸ. ಆದರೂ ಮೂರನ್ನೂ ಜನ ಹಂಚಿಕೊಳ್ಳುವುದು ಒಂದೇ ಆಸೆಯಿಂದ: ಮಕ್ಕಳು ಊರಲ್ಲೇ ಇದ್ದು ದುಡಿಯುವಂತಾಗಬೇಕು, ಊರೂ ನಾಲ್ಕು ಕಾಸು ನೋಡಬೇಕು. ಈ ಆಸೆ ತಪ್ಪಲ್ಲ. ಅದು ಯಾವಾಗ ಕೈಗೂಡುತ್ತದೆ, ಯಾವಾಗ ಕೈಗೂಡುವುದಿಲ್ಲ ಎಂಬುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ಹೊರಗಿನ ದುಡ್ಡು, ಒಳಗಿನ ದುಡ್ಡು

ಶಿರಸಿಯಲ್ಲೋ ತೀರ್ಥಹಳ್ಳಿಯಲ್ಲೋ ಬಟ್ಟೆ ಅಂಗಡಿ ಇಟ್ಟವರನ್ನು ಕೇಳಿ. ಅಡಿಕೆಗೆ ರೇಟು ಬಂದ ವರ್ಷ ವ್ಯಾಪಾರ ಹೇಗಿರುತ್ತದೆ, ಕೊಳೆ ರೋಗ ಬಂದ ವರ್ಷ ಹೇಗಿರುತ್ತದೆ ಎಂದು ಅವರು ಬೆರಳ ತುದಿಯಲ್ಲಿ ಹೇಳುತ್ತಾರೆ. ಆ ಅಂಗಡಿಯವರು ಒಂದು ಅಡಿಕೆ ಮರವನ್ನೂ ನೆಟ್ಟಿರುವುದಿಲ್ಲ. ಆದರೂ ಅವರ ಬದುಕು ಅಡಿಕೆಯ ಮೇಲೆ ನಿಂತಿದೆ.

ಯಾವುದೇ ಊರಿನ ಕೆಲಸಗಳನ್ನು ಹೀಗೆ ಎರಡಾಗಿ ವಿಂಗಡಿಸಬಹುದು. ಒಂದು, ಹೊರಗಿನಿಂದ ದುಡ್ಡು ತರುವ ಕೆಲಸ. ಮಲೆನಾಡಿನ ಅಡಿಕೆ, ಕೊಡಗಿನ ಕಾಫಿ, ಮಲ್ಪೆಯ ಮೀನು, ಇಳಕಲ್ ಸೀರೆ ಈ ಗುಂಪಿನವು. ಇನ್ನೊಂದು, ಹಾಗೆ ಬಂದ ದುಡ್ಡನ್ನು ಊರೊಳಗೆ ಸುತ್ತಿಸುವ ಕೆಲಸ. ಹೋಟೆಲು, ಕ್ಷೌರದಂಗಡಿ, ಟ್ಯೂಷನ್ನು, ಗ್ಯಾರೇಜು, ದಂತವೈದ್ಯರು ಎಲ್ಲ ಇದರಲ್ಲಿ ಬರುತ್ತಾರೆ. ಎರಡನೇ ಗುಂಪಿನಲ್ಲಿ ಜನ ಜಾಸ್ತಿ. ಆದರೆ ಮೊದಲನೆಯದು ಬತ್ತಿದರೆ ಎರಡನೆಯದೂ ಒಣಗುತ್ತದೆ.

ಸಾಫ್ಟ್‌ವೇರ್ ಮೊದಲ ಗುಂಪಿನ ಕೆಲಸ. ಉಡುಪಿಯಲ್ಲಿ ಕೂತ ಹುಡುಗಿಯೊಬ್ಬಳು ಜರ್ಮನಿಯ ಗ್ರಾಹಕರಿಗೆ ಕೋಡ್ ಬರೆದರೆ, ಊರಿನ ಮಟ್ಟಿಗೆ ಅದು ಕಾಫಿ ಮೂಟೆ ಹಡಗು ಹತ್ತಿದ ಹಾಗೆಯೇ. ಲಾರಿ ಬೇಡ, ಮಳೆಗೆ ಕೊಳೆಯುವುದಿಲ್ಲ, ಸಂಬಳ ತಿಂಗಳ ಕೊನೆಗೆ ಬರುತ್ತದೆ.

ಅಮೆರಿಕದ ಅರ್ಥಶಾಸ್ತ್ರಜ್ಞ ಎನ್ರಿಕೊ ಮೊರೆಟ್ಟಿ 2012ರಲ್ಲಿ ಬರೆದ ಒಂದು ಪುಸ್ತಕದಿಂದ ಈ ವಿಷಯಕ್ಕೆ ದೊಡ್ಡ ಪ್ರಚಾರ ಸಿಕ್ಕಿತು. ಅಮೆರಿಕದ ನಗರಗಳ ಅಂಕಿಅಂಶ ನೋಡಿ ಅವರು ಕಂಡುಕೊಂಡದ್ದು: ಒಂದು ಹೈಟೆಕ್ ಕೆಲಸ ಹುಟ್ಟಿದರೆ, ಕಾಲಾನಂತರ ಅದೇ ನಗರದಲ್ಲಿ ಬೇರೆ ಐದು ಕೆಲಸ ಹುಟ್ಟುತ್ತವೆ. ಅವುಗಳಲ್ಲಿ ಎರಡು ವೈದ್ಯರು, ವಕೀಲರಂಥ ವೃತ್ತಿಗಳು. ಮೂರು ಹೋಟೆಲು, ಅಂಗಡಿಗಳಂಥ ಕಡೆಯವು.

ಒಂದಕ್ಕೆ ಐದು! ಭಾಷಣಗಳಲ್ಲಿ, ಫಾರ್ವರ್ಡ್‌ಗಳಲ್ಲಿ ಈ ಸಂಖ್ಯೆ ಬಂದಾಗ ಎರಡು ಮಾತು ಬಿಟ್ಟುಹೋಗುತ್ತವೆ. ಇದು ಅಮೆರಿಕದ ಲೆಕ್ಕ, ಮತ್ತು ದೀರ್ಘಕಾಲದ ಲೆಕ್ಕ. ಅದನ್ನು ಹಾಗೇ ಎತ್ತಿ ಗದಗಕ್ಕೋ ಹಾಸನಕ್ಕೋ ಅಂಟಿಸಲಾಗದು. ಯಾಕೆಂದರೆ ಬಂದ ದುಡ್ಡು ಊರಲ್ಲಿ ಎಷ್ಟು ಸುತ್ತು ಸುತ್ತುತ್ತದೆ ಎಂಬುದು ಒಂದೊಂದು ಊರಿಗೆ ಒಂದೊಂದು ಥರ.

ಸೋರುವ ಕೊಡ

ಒಂದು ಉದಾಹರಣೆ ಮಾಡಿಕೊಳ್ಳೋಣ. ಸಂಖ್ಯೆಗಳು ನಾವು ಲೆಕ್ಕದ ಸಲುವಾಗಿ ಇಟ್ಟುಕೊಂಡವು ಅಷ್ಟೆ. ಒಬ್ಬರಿಗೆ ತಿಂಗಳಿಗೆ 60,000 ರೂಪಾಯಿ ಸಂಬಳ. ಅದರಲ್ಲಿ ನೂರಕ್ಕೆ 40ರಷ್ಟು ಊರಿನವರ ಕೈಗೆ ಆದಾಯವಾಗಿ ಸೇರುತ್ತದೆ ಎಂದುಕೊಳ್ಳಿ, ಅಂದರೆ 24,000. ಆ ಊರಿನವರೂ ತಮಗೆ ಬಂದದ್ದರಲ್ಲಿ ನೂರಕ್ಕೆ 40ನ್ನು ಊರಲ್ಲೇ ಉಳಿಯುವಂತೆ ಖರ್ಚು ಮಾಡಿದರೆ 9,600. ಮುಂದಿನ ಸುತ್ತು 3,840. ಹೀಗೆ ಕೂಡುತ್ತ ಹೋದರೆ ಕೊನೆಗೆ ಊರಿನ ಬೇರೆಯವರಿಗೆ ಸಿಕ್ಕ ಆದಾಯ ಸುಮಾರು 40,000.

ಈಗ ಪ್ರತಿ ಸುತ್ತಿನಲ್ಲಿ ಊರಲ್ಲಿ ಉಳಿಯುವುದು ನೂರಕ್ಕೆ 20 ಮಾತ್ರ ಎಂದಿಟ್ಟುಕೊಳ್ಳಿ. 12,000, ಆಮೇಲೆ 2,400, ಆಮೇಲೆ 480. ಒಟ್ಟು 15,000. ಉಳಿಯುವ ಪಾಲು ಅರ್ಧವಾದರೆ ಫಲ ಅರ್ಧಕ್ಕಿಂತಲೂ ಕೆಳಗೆ ಇಳಿಯಿತು. ಸಂಬಳ ಮಾತ್ರ ಎರಡೂ ಕಡೆ ಒಂದೇ!

ಸೋರಿಕೆ ಎಲ್ಲಿಂದ? ಬೆಂಗಳೂರಿನಲ್ಲಿ ಕೊಂಡ ಫ್ಲ್ಯಾಟಿನ ಇಎಂಐ, ಆನ್‌ಲೈನಿನಲ್ಲಿ ತರಿಸಿದ ಬಟ್ಟೆ, ಮೊಬೈಲು, ಮ್ಯೂಚುವಲ್ ಫಂಡಿಗೆ ಹಾಕಿದ್ದು, ಆದಾಯ ತೆರಿಗೆ. ಇವು ತಪ್ಪು ಎಂದಲ್ಲ, ಆದರೆ ಇವು ಊರಲ್ಲಿ ಸುತ್ತುವ ದುಡ್ಡಲ್ಲ. ಕಿರಾಣಿ ಅಂಗಡಿಯಲ್ಲಿ ಕೊಟ್ಟ ನೂರು ರೂಪಾಯಿಯೂ ಪೂರ್ತಿ ಊರಿನದಲ್ಲ. ಸೋಪು, ಬಿಸ್ಕತ್ತು, ಎಣ್ಣೆ ಎಲ್ಲ ಹೊರಗಿನಿಂದ ಬಂದವು, ಅಂಗಡಿಯವರಿಗೆ ಉಳಿಯುವುದು ಸಣ್ಣ ಪಾಲು. ಅದೇ ಮನೆಗೆ ಬಣ್ಣ ಹೊಡೆಸಿದರೆ, ಮಗಳನ್ನು ಸಂಗೀತ ಪಾಠಕ್ಕೆ ಸೇರಿಸಿದರೆ, ತರಕಾರಿಯನ್ನು ಸಂತೆಯಲ್ಲಿ ಕೊಂಡರೆ ಹೆಚ್ಚಿನದು ಊರಲ್ಲೇ ಉಳಿಯುತ್ತದೆ.

ಇನ್ನೊಂದು ಮಾತು, ಇದನ್ನು ಹೆಚ್ಚು ಜನ ಗಮನಿಸುವುದಿಲ್ಲ. ಊರಿನಲ್ಲಿ ಕೂತು ದೂರದ ಕಂಪನಿಗೆ ಕೆಲಸ ಮಾಡುವವರಿಂದ ಗ್ರಾಮ ಪಂಚಾಯಿತಿಗೆ ನೇರವಾಗಿ ಬರುವುದು ಮನೆಗಂದಾಯ, ನೀರಿನ ಶುಲ್ಕದಂಥ ಬಾಬ್ತು ಮಾತ್ರ. ಸಂಬಳದ ಮೇಲಿನ ಆದಾಯ ತೆರಿಗೆ ಕೇಂದ್ರಕ್ಕೆ ಹೋಗುತ್ತದೆ. ಅಂದರೆ ಊರಲ್ಲಿ ಹತ್ತು ಮಂದಿ ಟೆಕ್ಕಿಗಳಿದ್ದಾರೆಂದು ಪಂಚಾಯಿತಿಯ ರಸ್ತೆ ತಾನಾಗಿ ರಿಪೇರಿಯಾಗುವುದಿಲ್ಲ.

ಕಟ್ಟಡದ ಗಾತ್ರವೂ ಇದೇ ಕಾರಣಕ್ಕೆ ಮೋಸದ ಅಳತೆ. ಮೈಸೂರಿನಲ್ಲಿರುವ ಇನ್ಫೋಸಿಸ್ ತರಬೇತಿ ಕೇಂದ್ರವನ್ನೇ ನೋಡಿ. 300 ಎಕರೆಗೂ ಮೀರಿದ ಆವರಣ. ದೇಶದ ಮೂಲೆಮೂಲೆಯಿಂದ ಬರುವ ಹೊಸಬರು ಅಲ್ಲೇ ಉಳಿದು, ಅಲ್ಲೇ ಉಂಡು, ತರಬೇತಿ ಮುಗಿಸಿ ಬೇರೆ ಬೇರೆ ನಗರಗಳಿಗೆ ಹೋಗುತ್ತಾರೆ. ಮೈಸೂರಿಗೆ ಅದರಿಂದ ಹೆಸರು ಬಂದಿದೆ, ಸಾಕಷ್ಟು ಕೆಲಸವೂ ಬಂದಿದೆ. ಆದರೆ ಆವರಣದೊಳಗೆ ಕೆಲವು ತಿಂಗಳು ಇದ್ದು ಹೋಗುವವರ ಸಂಬಳ ಊರಲ್ಲಿ ಸುತ್ತುವ ರೀತಿಗೂ, ಕುವೆಂಪುನಗರದಲ್ಲಿ ಮನೆ ಮಾಡಿ ಮಕ್ಕಳನ್ನು ಶಾಲೆಗೆ ಸೇರಿಸಿದವರ ಸಂಬಳ ಸುತ್ತುವ ರೀತಿಗೂ ವ್ಯತ್ಯಾಸ ಇದ್ದೇ ಇರುತ್ತದೆ.

ಹಾಗಾದರೆ ಬೆಂಗಳೂರಿಗೇ ಏಕೆ ಎಲ್ಲ ಹೋಯಿತು?

ಕರ್ನಾಟಕದ ಒಟ್ಟು ಉತ್ಪನ್ನದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೆಂಗಳೂರು ನಗರ ಜಿಲ್ಲೆ ಒಂದರಿಂದಲೇ ಬರುತ್ತದೆ. "ಹವಾಮಾನ ಚೆನ್ನಾಗಿತ್ತು, ಅದಕ್ಕೇ ಕಂಪನಿಗಳು ಬಂದವು" ಎನ್ನುವುದು ನಾವೆಲ್ಲ ಕೇಳಿರುವ ಕಾರಣ. ಹವಾಮಾನವಷ್ಟೇ ಸಾಕಾಗಿದ್ದರೆ ಮಡಿಕೇರಿ, ಚಿಕ್ಕಮಗಳೂರು ಯಾವತ್ತೋ ಐಟಿ ನಗರಗಳಾಗಬೇಕಿತ್ತು.

ನಿಜವಾದ ಕಾರಣ ಹಳೆಯದು. 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ, 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1954ರಲ್ಲಿ ಬಿಇಎಲ್. ಸಾಫ್ಟ್‌ವೇರ್ ಎಂಬ ಪದ ಜನರ ಕಿವಿಗೆ ಬೀಳುವ ಮುಂಚೆಯೇ ಈ ಊರಿನಲ್ಲಿ ಎಂಜಿನಿಯರುಗಳು, ತಂತ್ರಜ್ಞರು ತುಂಬಿದ್ದರು. 1970ರ ದಶಕದ ಕೊನೆಗೆ ಕಿಯೋನಿಕ್ಸ್ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿತು. 1981ರಲ್ಲಿ ಪುಣೆಯಲ್ಲಿ ಹುಟ್ಟಿದ ಇನ್ಫೋಸಿಸ್ 1983ರಲ್ಲಿ ಇಲ್ಲಿಗೆ ಬಂತು, 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂತು. 1991ರಲ್ಲಿ ಕೇಂದ್ರ ಸರ್ಕಾರದ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ ಸಂಸ್ಥೆ ಶುರುವಾಗಿ, ಸಣ್ಣ ಕಂಪನಿಗಳಿಗೂ ಹೊರದೇಶಕ್ಕೆ ಡೇಟಾ ಕಳಿಸುವ ಸಂಪರ್ಕ ಸಿಕ್ಕಿತು.

ಆದರೆ ಬೆಂಗಳೂರನ್ನು ಬೆಂಗಳೂರಾಗಿ ಉಳಿಸಿರುವುದು ಇದಕ್ಕಿಂತ ಸರಳವಾದ ಒಂದು ಸಂಗತಿ: ಅಲ್ಲಿ ಎರಡನೇ ಕೆಲಸ ಸಿಗುತ್ತದೆ. ಒಂದು ಕಂಪನಿ ಮುಚ್ಚಿದರೆ, ಬಾಸ್ ಸರಿಯಿಲ್ಲದಿದ್ದರೆ, ಸಂಬಳ ಏರದಿದ್ದರೆ ಮನೆ ಬದಲಿಸದೆ ಕೆಲಸ ಬದಲಿಸಬಹುದು. ಗಂಡ ಹೆಂಡತಿ ಇಬ್ಬರಿಗೂ ಅದೇ ಊರಲ್ಲಿ ಕೆಲಸ ಸಿಗುತ್ತದೆ. ಕಂಪನಿಗಳಿಗೂ ಅಷ್ಟೆ, ಒಬ್ಬರು ಬಿಟ್ಟರೆ ಇನ್ನೊಬ್ಬರು ವಾರದಲ್ಲಿ ಸಿಗುತ್ತಾರೆ.

ಸಣ್ಣ ಊರಿನ ಕಷ್ಟ ಇಲ್ಲಿದೆ. ಅಲ್ಲಿ ಇರುವುದು ಒಂದೇ ಕಂಪನಿ. ಅದನ್ನು ಬಿಟ್ಟರೆ ಊರನ್ನೇ ಬಿಡಬೇಕು. ಇದು ಗೊತ್ತಿರುವುದರಿಂದ ಬುದ್ಧಿವಂತರು ಮೊದಲೇ ಊರು ಬಿಡುತ್ತಾರೆ. ಇದು ಗೊತ್ತಿರುವುದರಿಂದಲೇ ಎರಡನೇ ಕಂಪನಿ ಬರಲು ಹಿಂಜರಿಯುತ್ತದೆ.

ಕಾಲೇಜು ಕಟ್ಟಿದರೆ ಸಾಕಲ್ಲವೇ ಎನ್ನುವವರಿದ್ದಾರೆ. ಮೈಸೂರಿನ ಎನ್‌ಐಇ 1946ರದ್ದು, ಹುಬ್ಬಳ್ಳಿಯ ಬಿವಿಬಿ 1947ರದ್ದು, ದಾವಣಗೆರೆಯ ಬಿಡಿಟಿ 1951ರದ್ದು, ಕಲಬುರಗಿಯ ಪಿಡಿಎ 1958ರದ್ದು, ಸುರತ್ಕಲ್ಲಿನ ಕೆಆರ್‌ಇಸಿ (ಈಗಿನ ಎನ್‌ಐಟಿಕೆ) 1960ರದ್ದು. ಏಳು ದಶಕಗಳಿಂದ ಈ ಊರುಗಳು ಎಂಜಿನಿಯರುಗಳನ್ನು ತಯಾರು ಮಾಡುತ್ತಿವೆ. ಅವರಲ್ಲಿ ಹೆಚ್ಚಿನವರು ರೈಲು ಹತ್ತಿದರು. ಕಾಫಿ ಕಳಿಸಿದರೆ ದುಡ್ಡು ಬರುತ್ತದೆ, ಮಕ್ಕಳನ್ನು ಕಳಿಸಿದರೆ ಹಬ್ಬಕ್ಕೊಮ್ಮೆ ಮಕ್ಕಳು ಬರುತ್ತಾರೆ.

ಉಡುಪಿ ಏನು ತೋರಿಸುತ್ತದೆ

1996ರಲ್ಲಿ ರೋಹಿತ್ ಭಟ್ ಉಡುಪಿಯಲ್ಲಿ ರೋಬೋಸಾಫ್ಟ್ ಎಂಬ ಕಂಪನಿ ಶುರುಮಾಡಿದರು. ಆಗ ಊರಿನಲ್ಲಿ ಇಂಟರ್‌ನೆಟ್ ಎನ್ನುವುದೇ ಅಪರೂಪ. ಆಪಲ್ ಕಂಪ್ಯೂಟರುಗಳಿಗೆ ಸಾಫ್ಟ್‌ವೇರ್ ಬರೆಯುವುದು ಅವರು ಹಿಡಿದ ದಾರಿ. ಮುಂದೆ ಐಫೋನ್ ಬಂದಾಗ ಆ ಪರಿಣತಿ ಮೊಬೈಲ್ ಆಪ್‌ಗಳಿಗೆ ತಿರುಗಿತು. 2021ರಲ್ಲಿ ಜಪಾನಿನ ಟೆಕ್ನೋಪ್ರೊ ಸಂಸ್ಥೆ ಸುಮಾರು 805 ಕೋಟಿ ರೂಪಾಯಿಗೆ ರೋಬೋಸಾಫ್ಟನ್ನು ಕೊಳ್ಳುವುದಾಗಿ ಪ್ರಕಟಿಸಿತು.

805 ಕೋಟಿ ಎನ್ನುವುದು ಸುದ್ದಿಯಾಯಿತು. ನಮಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಬೇರೆ. ಅದೇ ಬೇರಿನಿಂದ ಉಡುಪಿಯಲ್ಲೇ ಇನ್ನೂ ಕಂಪನಿಗಳು ಟಿಸಿಲೊಡೆದವು: ಮೊಬೈಲ್ ಆಟಗಳನ್ನು ಮಾಡುವ 99ಗೇಮ್ಸ್, ಸಂಗೀತ ಮತ್ತು ಕ್ಯಾಮೆರಾ ಆಪ್‌ಗಳನ್ನು ಮಾಡುವ ಗ್ಲೋಬಲ್ ಡಿಲೈಟ್. ಅಂದರೆ ಉಡುಪಿಯಲ್ಲಿ ಎರಡನೇ ಕೆಲಸ ಸಿಗತೊಡಗಿತು. ಗಂಟೆ ಒಂದೂವರೆಯ ದೂರದಲ್ಲಿ ಮಂಗಳೂರು, ಪಕ್ಕದಲ್ಲಿ ಮಣಿಪಾಲ, ದಾರಿಯಲ್ಲಿ ಸುರತ್ಕಲ್. ಈ ನಾಲ್ಕನ್ನೂ ಒಂದೇ ಊರೆಂದು ಎಣಿಸಿದರೆ ಮೂರನೇ ಕೆಲಸವೂ ಸಿಗುತ್ತದೆ. ಕರಾವಳಿಯಲ್ಲಿ ಐಟಿ ಬೆಳೆಯುತ್ತಿದೆ ಎಂಬ ಮಾತಿನ ಹಿಂದಿರುವುದು ಈ ಸಾಮೀಪ್ಯ.

ಈಗ ಪಂಚೆಯ ಫೋಟೊಗೆ ಬರೋಣ. ಅವರು ಜೋಹೊ ಕಂಪನಿಯ ಶ್ರೀಧರ್ ವೆಂಬು. ತಮಿಳುನಾಡಿನ ತೆಂಕಾಸಿ ಬಳಿಯ ಮತ್ತಳಂಪಾರೈ ಹಳ್ಳಿಯಲ್ಲಿ ಅವರ ಕಂಪನಿಯ ಕಚೇರಿ ಇರುವುದು ನಿಜ, ಅವರು ಅಲ್ಲೇ ನೆಲೆಸಿದ್ದೂ ನಿಜ. ಫಾರ್ವರ್ಡ್ ಹೇಳದಿರುವುದು ಏನೆಂದರೆ, ಕಂಪನಿ ಹಳ್ಳಿಯಲ್ಲಿ ಹುಟ್ಟಲಿಲ್ಲ. 1996ರಲ್ಲಿ ಅಡ್ವೆಂಟ್‌ನೆಟ್ ಎಂಬ ಹೆಸರಿನಲ್ಲಿ ಅಮೆರಿಕದಲ್ಲಿ ಶುರುವಾಗಿ, ಚೆನ್ನೈನಲ್ಲಿ ಬೆಳೆದು, ಜಗತ್ತಿನಾದ್ಯಂತ ಗ್ರಾಹಕರನ್ನು ಕಟ್ಟಿಕೊಂಡ ಮೇಲೆ 2011ರಲ್ಲಿ ತೆಂಕಾಸಿ ಕಚೇರಿ ಬಂತು. ಮಾರಾಟವಾಗುವ ಸರಕು ಮೊದಲು, ಹಳ್ಳಿಯ ಕಚೇರಿ ಆಮೇಲೆ. ಜೊತೆಗೆ 2000ದ ದಶಕದ ನಡುವಿನಿಂದಲೇ ಅವರು ಪದವಿ ಇಲ್ಲದ ಹುಡುಗ ಹುಡುಗಿಯರಿಗೆ ಸ್ಟೈಪೆಂಡ್ ಕೊಟ್ಟು ಕಲಿಸುವ ಸ್ವಂತ ಶಾಲೆ ನಡೆಸುತ್ತಿದ್ದರು. ಕಲಿತವರಿಗಾಗಿ ಅವರು ಕಾಯುತ್ತ ಕೂರಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ಆ ಫೋಟೊಗಿಂತ ಈ ಶಾಲೆಯ ವಿಷಯ ಹೆಚ್ಚು ಫಾರ್ವರ್ಡ್ ಆಗಬೇಕಿತ್ತು.

ಹಳ್ಳಿಗೆ ಬಿಪಿಒ ತರುವ ಪ್ರಯತ್ನಗಳೂ ಹೊಸತಲ್ಲ. 2008ರಲ್ಲಿ ಶುರುವಾದ ರೂರಲ್‌ಶೋರ್ಸ್ ತನ್ನ ಮೊದಲ ಕೇಂದ್ರವನ್ನು ನಮ್ಮ ಬಾಗೇಪಲ್ಲಿಯಲ್ಲೇ ತೆರೆಯಿತು. ನಂತರ ಕೇಂದ್ರ ಸರ್ಕಾರ 48,300 ಸೀಟುಗಳ ಗುರಿ ಮತ್ತು 493 ಕೋಟಿ ರೂಪಾಯಿ ಇಟ್ಟುಕೊಂಡು ಸಣ್ಣ ಊರುಗಳ ಬಿಪಿಒಗಳಿಗೆ ಸೀಟಿಗೆ ಒಂದು ಲಕ್ಷದವರೆಗೆ ಸಹಾಯ ಕೊಡುವ ಯೋಜನೆ ತಂದಿತು. ಡಿಗ್ರಿ ಮುಗಿಸಿ ಮನೆಯಲ್ಲಿದ್ದ ಎಷ್ಟೋ ಹೆಣ್ಣುಮಕ್ಕಳಿಗೆ ಇಂಥ ಕೇಂದ್ರಗಳು ಮೊದಲ ಸಂಬಳ ಕೊಟ್ಟಿವೆ. ಆದರೆ ಫಾರಂ ತುಂಬುವ, ಬಿಲ್ಲು ನೋಡಿ ಟೈಪ್ ಮಾಡುವ ಕೆಲಸವನ್ನು ಇವತ್ತು ಕಂಪ್ಯೂಟರೇ ಓದಿ ಮಾಡುತ್ತಿದೆ. ಆ ದಾರಿ ಕಿರಿದಾಗುತ್ತಿದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಹೊಸದಾಗಿ ತೆರೆದದ್ದು ಕೃತಕ ಬುದ್ಧಿಮತ್ತೆಗೆ ಭಾಷೆ ಕಲಿಸುವ ಕೆಲಸ. ಕಾರ್ಯ ಎಂಬ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಜನರಿಂದ ಕನ್ನಡ ವಾಕ್ಯಗಳನ್ನು ಫೋನಿನಲ್ಲಿ ಓದಿಸಿ, ಸ್ಥಳೀಯ ಕೂಲಿಗಿಂತ ಹಲವು ಪಟ್ಟು ಹೆಚ್ಚು ಕೊಟ್ಟಿದೆ. ಊರಿನ ಭಾಷೆಯೇ ಇಲ್ಲಿ ಸರಕು. ಆದರೆ ಅದು ಮೇಲುಸಂಪಾದನೆ, ಕಾಯಂ ನೌಕರಿಯಲ್ಲ.

ಮನೆಯಿಂದ ಕೆಲಸ: ಎಷ್ಟು ನೆಚ್ಚಬಹುದು?

2020ರ ಲಾಕ್‌ಡೌನ್ ಯಾರೂ ಮಾಡದ ಪ್ರಯೋಗವನ್ನು ಮಾಡಿಸಿತು. ಸಾವಿರಾರು ಮಂದಿ ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದರು. ಅದೇ ವರ್ಷದ ನವೆಂಬರಿನಲ್ಲಿ ದೂರಸಂಪರ್ಕ ಇಲಾಖೆ ಬಿಪಿಒ ಮತ್ತು ಐಟಿ ಆಧಾರಿತ ಸೇವೆಗಳ ಕಂಪನಿಗಳ ಮೇಲಿದ್ದ ಹಳೆಯ ಷರತ್ತುಗಳನ್ನು ಸಡಿಲಿಸಿತು. ಮನೆಯಿಂದ ಕೆಲಸ ಮಾಡಿಸಲು ಬ್ಯಾಂಕ್ ಗ್ಯಾರಂಟಿ ಕೊಡಬೇಕಿದ್ದ ಕಾಲ ಮುಗಿಯಿತು. 2022ರಲ್ಲಿ ವಿಶೇಷ ಆರ್ಥಿಕ ವಲಯಗಳ ನಿಯಮದಲ್ಲೂ ಮನೆಯಿಂದ ಕೆಲಸಕ್ಕೆ ಜಾಗ ಸಿಕ್ಕಿತು. ಆಮೇಲೆ ಹಲವು ಕಂಪನಿಗಳು ಜನರನ್ನು ಆಫೀಸಿಗೆ ವಾಪಸು ಕರೆದವು, ಪೂರ್ತಿ ಅಲ್ಲದಿದ್ದರೆ ವಾರಕ್ಕೆ ಎರಡು ಮೂರು ದಿನವಾದರೂ. ವಾರಕ್ಕೆ ಮೂರು ದಿನ ಬೆಂಗಳೂರಿಗೆ ಹೋಗುವುದು ತುಮಕೂರಿನವರಿಗೆ ಸಾಧ್ಯ, ಕುಮಟಾದವರಿಗೆ ಸಾಧ್ಯವಿಲ್ಲ.

ದೂರದ ಕೆಲಸದ ದೊಡ್ಡ ಗುಣ ಏನೆಂದರೆ, ಮೇಲೆ ಹೇಳಿದ ಎರಡನೇ ಕೆಲಸದ ಕೊರತೆಯನ್ನು ಅದು ತುಂಬಿಕೊಡುತ್ತದೆ. ಊರಿನ ಒಂದೇ ಕಂಪನಿ ಬಿಟ್ಟರೂ ಊರು ಬಿಡಬೇಕಿಲ್ಲ. ಗಂಡನಿಗೆ ಮಂಗಳೂರಿನ ಕಂಪನಿಯಲ್ಲಿ ಕೆಲಸ, ಹೆಂಡತಿಗೆ ಪುಣೆಯ ಕಂಪನಿಯಲ್ಲಿ ಮನೆಯಿಂದ ಕೆಲಸ ಎಂದಾದರೆ ಸಂಸಾರ ಕರಾವಳಿಯಲ್ಲಿ ನಿಲ್ಲುತ್ತದೆ. ಮಗು ಹುಟ್ಟಿದ ಮೇಲೆ ಕೆಲಸ ಬಿಟ್ಟ ಹೆಣ್ಣುಮಕ್ಕಳು ಮತ್ತೆ ಸೇರಲು ಇದಕ್ಕಿಂತ ಹತ್ತಿರದ ಬಾಗಿಲು ಕಡಿಮೆ.

ಆದರೆ ಕಲಿಯುವುದಕ್ಕೆ ಇದು ಒಳ್ಳೆಯ ಜಾಗವಲ್ಲ. ಹೊಸದಾಗಿ ಡಿಗ್ರಿ ಮುಗಿಸಿದ ಹುಡುಗ ಮನೆಯಲ್ಲಿ ಒಬ್ಬನೇ ಕೂತರೆ, ಪಕ್ಕದ ಸೀಟಿನ ಅಣ್ಣ ಹೇಗೆ ತಪ್ಪು ಹುಡುಕುತ್ತಾನೆ, ಗ್ರಾಹಕರ ಹತ್ತಿರ ಹೇಗೆ ಮಾತಾಡುತ್ತಾನೆ ಎಂಬುದು ಕಣ್ಣಿಗೆ ಬೀಳುವುದಿಲ್ಲ. ಹೊಸಬರನ್ನು ದೂರದಿಂದ ತೆಗೆದುಕೊಳ್ಳಲು ಕಂಪನಿಗಳೂ ಹಿಂಜರಿಯುತ್ತವೆ. ಅನುಭವ ಇಲ್ಲದೆ ಮನೆಯಿಂದ ಕೆಲಸ ಸಿಗುವುದು ಕಷ್ಟ, ಊರಲ್ಲಿ ಕಂಪನಿ ಇಲ್ಲದೆ ಅನುಭವ ಸಿಗುವುದು ಕಷ್ಟ. ಹಾಗಾಗಿ ಐದು ಹತ್ತು ಜನರ ಸಣ್ಣ ಕಂಪನಿಯಾದರೂ ಊರಲ್ಲಿರಬೇಕು. ಅದು ಆಸ್ಪತ್ರೆಯ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತಿರಲಿ, ಸಹಕಾರಿ ಸಂಘದ ಲೆಕ್ಕ ಬರೆಯುವ ಆಪ್ ಮಾಡುತ್ತಿರಲಿ, ಹೊಸಬರಿಗೆ ಅದೇ ಪಾಠಶಾಲೆ. ಊರಿನ ಕಂಪನಿ ಕಲಿಸುತ್ತದೆ, ದೂರದ ಕೆಲಸ ಕಲಿತವರನ್ನು ಊರಲ್ಲಿ ಉಳಿಸುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ಮಾತ್ರ ನೆಚ್ಚಿದ ಊರು ಹೆಚ್ಚು ದಿನ ನಡೆಯಲಾರದು.

ಅಮೆರಿಕದ ಓಕ್ಲಹೋಮ ರಾಜ್ಯದ ಟಲ್ಸಾ ನಗರದ ಹೆಸರನ್ನು ಇಂಥ ಚರ್ಚೆಗಳಲ್ಲಿ ತೆಗೆಯುತ್ತಾರೆ. ಒಂದು ಕಾಲದ ತೈಲದ ರಾಜಧಾನಿ. 2018ರಿಂದ ಅಲ್ಲಿನ ಒಂದು ಖಾಸಗಿ ದತ್ತಿ ಸಂಸ್ಥೆ, ದೂರದಿಂದ ಕೆಲಸ ಮಾಡುವವರು ಬಂದು ಒಂದು ವರ್ಷ ನೆಲೆಸಿದರೆ 10,000 ಡಾಲರ್ ಕೊಡುತ್ತಿದೆ. ಸಾವಿರಾರು ಜನ ಬಂದರು. ನಮ್ಮ ಊರುಗಳು ಇದನ್ನು ನಕಲು ಮಾಡಬೇಕಿಲ್ಲ. ಟಲ್ಸಾ ಅಪರಿಚಿತರನ್ನು ದುಡ್ಡು ಕೊಟ್ಟು ಕರೆಯಬೇಕಾಯಿತು. ನಮ್ಮಲ್ಲಿ ಅಪ್ಪ ಅಮ್ಮ, ಮನೆ, ಅರ್ಧ ಎಕರೆ ತೋಟ ಇಟ್ಟುಕೊಂಡು ಬರಲು ಕಾಯುತ್ತಿರುವ ಮಕ್ಕಳೇ ಇದ್ದಾರೆ. ಅವರನ್ನು ತಡೆಯುತ್ತಿರುವುದು ಚಿಕ್ಕಪುಟ್ಟ ಸಂಗತಿಗಳು.

ಮಳೆಗಾಲದಲ್ಲಿ ಕರೆಂಟು ಅಂಥ ಒಂದು. ಮಲೆನಾಡಿನಲ್ಲಿ ಒಂದು ಮರ ಲೈನಿನ ಮೇಲೆ ಬಿದ್ದರೆ ಎರಡು ದಿನ, ಕೆಲವೊಮ್ಮೆ ನಾಲ್ಕು ದಿನ ಕತ್ತಲು. ಯುಪಿಎಸ್ ನಾಲ್ಕು ಗಂಟೆ ಬರುತ್ತದೆ. ರಸ್ತೆ ಅಗಲ ಮಾಡುವ ಜೆಸಿಬಿ ಫೈಬರ್ ಕೇಬಲ್ ಕಿತ್ತರೆ ಇಡೀ ಹೋಬಳಿ ಮೌನ. ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಿ ಟಾರ್ಪಾಲಿನ ಕೆಳಗೆ ಕೂತು ಪಾಠ ಕೇಳಿದ ಮಕ್ಕಳ ಚಿತ್ರಗಳನ್ನು 2020ರಲ್ಲಿ ನಾವೆಲ್ಲ ನೋಡಿದ್ದೇವೆ. ಮೀಟಿಂಗ್ ನಡುವೆ ಮೂರು ಸಲ ಮಾಯವಾದವರನ್ನು ಯಾವ ಮ್ಯಾನೇಜರೂ ಹೆಚ್ಚು ದಿನ ಸಹಿಸುವುದಿಲ್ಲ.

ಇದಕ್ಕೆ ನೂರು ಕೋಟಿಯ ಐಟಿ ಪಾರ್ಕ್ ಬೇಕಿಲ್ಲ. ತಾಲ್ಲೂಕು ಕೇಂದ್ರದಲ್ಲಿ ಒಂದು ಹಾಲ್, ಎರಡು ಬೇರೆ ಬೇರೆ ಕಂಪನಿಗಳ ಫೈಬರ್ ಸಂಪರ್ಕ (ಒಂದೇ ಕಂಬದ ಮೇಲೆ ಬಂದ ಎರಡು ತಂತಿ ಲೆಕ್ಕಕ್ಕಿಲ್ಲ), ಒಂದು ಜನರೇಟರ್, ಶುಚಿಯಾದ ಶೌಚಾಲಯ, ರಾತ್ರಿ ಎಂಟೂವರೆಗೊಂದು ಬಸ್ಸು. ಅಮೆರಿಕದ ಹಗಲು ನಮಗೆ ರಾತ್ರಿಯಾದ್ದರಿಂದ ಕೊನೆಯದು ಹೆಣ್ಣುಮಕ್ಕಳಿಗೆ ಎಲ್ಲಕ್ಕಿಂತ ಮುಖ್ಯ. ಖಾಲಿ ಬಿದ್ದ ಸಮುದಾಯ ಭವನಗಳು, ಎಪಿಎಂಸಿ ಕಟ್ಟಡಗಳು ಎಷ್ಟೋ ಊರುಗಳಲ್ಲಿವೆ.

ಎಲ್ಲ ಊರಿಗೂ ಇದು ಒಂದೇ ರೀತಿ ಒಗ್ಗುತ್ತದೆ ಎಂದು ನಾವು ಹೇಳುವುದಿಲ್ಲ. ಕರಾವಳಿ, ಮೈಸೂರು, ಹುಬ್ಬಳ್ಳಿ-ಧಾರವಾಡಕ್ಕೆ ಹಳೆಯ ಕಾಲೇಜುಗಳ ಬುನಾದಿಯಿದೆ. ಧಾರವಾಡಕ್ಕೆ 2015ರಲ್ಲಿ ಐಐಐಟಿ, 2016ರಲ್ಲಿ ಐಐಟಿ ಬಂದಿವೆ. ರಾಯಚೂರಿಗೆ 2019ರಲ್ಲಿ ಐಐಐಟಿ ಬಂತು. ಆದರೆ ಯಾದಗಿರಿಯ ಹಳ್ಳಿಯಲ್ಲಿ ಗಣಿತದ ಮೇಷ್ಟ್ರ ಹುದ್ದೆಯೇ ಖಾಲಿಯಿದ್ದರೆ ಅಲ್ಲಿನ ಮಕ್ಕಳಿಗೆ ಕೋಡಿಂಗ್ ಮಾತು ದೂರದ್ದು. ಅಲ್ಲಿ ಮೊದಲು ಮೇಷ್ಟ್ರು ಬರಬೇಕು.

ಇನ್ನೊಂದು ಮುಖವನ್ನೂ ಮರೆಯಬಾರದು. ಐಟಿ ಸಂಬಳ ಬಂದ ಊರಿನಲ್ಲಿ ಬಾಡಿಗೆ ಏರುತ್ತದೆ. ಹೊರಗಿನ ದುಡ್ಡು ಗಳಿಸುವವರಿಗೆ ಅದು ಭಾರವಲ್ಲ; ಅಂಗನವಾಡಿ ಕಾರ್ಯಕರ್ತೆಗೆ, ಹೋಟೆಲ್ ಮಾಣಿಗೆ, ಖಾಸಗಿ ಶಾಲೆಯ ಟೀಚರಿಗೆ ಅದೇ ಭಾರ. ಕೆಲಸಗಳಿಗಿಂತ ಮೊದಲು ಸೈಟಿನ ರೇಟು ಏರಿದರಂತೂ ನಷ್ಟ ಊರಿನವರಿಗೆ, ಲಾಭ ಬ್ರೋಕರಿಗೆ.

ಉಳಿದ ಎರಡು ಫಾರ್ವರ್ಡ್‌ಗಳು

ಸೈಟಿನ ಮೆಸೇಜು ಬಂದಾಗ ಕೇಳಬೇಕಾದದ್ದು: ಐಟಿ ಪಾರ್ಕಿನ ಸರ್ಕಾರಿ ಆದೇಶ ಎಲ್ಲಿದೆ? ಜಾಗ ಕೈಗಾರಿಕೆಗೆ ಮಂಜೂರಾಗಿದೆಯೇ, ಅಥವಾ ಯಾರೋ ಮಂತ್ರಿಗಳು ಸಭೆಯಲ್ಲಿ ಹೇಳಿದ್ದೇ? ಮಂಜೂರಾದ ಮೇಲೂ ಕಂಪನಿ ಬಂದು ಜನ ಕೂರಲು ವರ್ಷಗಳು ಹಿಡಿಯುತ್ತವೆ. ಲೇಔಟಿಗೆ ಭೂಪರಿವರ್ತನೆ ಆಗಿದೆಯೇ, ಯೋಜನಾ ಪ್ರಾಧಿಕಾರದ ಒಪ್ಪಿಗೆ ಇದೆಯೇ, ಕರ್ನಾಟಕ ರೇರಾದಲ್ಲಿ ನೋಂದಣಿ ಆಗಿದೆಯೇ ಎಂದು ನೋಡದೆ ಅಡ್ವಾನ್ಸ್ ಕೊಡಬೇಡಿ.

ಮನೆಯಿಂದ ಕೆಲಸದ ಮೆಸೇಜನ್ನು ಗುರುತಿಸುವುದು ಇನ್ನೂ ಸುಲಭ. ಕೆಲಸ ಕೊಡುವವರು ದುಡ್ಡು ಕೊಡುತ್ತಾರೆ, ಕೇಳುವುದಿಲ್ಲ. ರಿಜಿಸ್ಟ್ರೇಷನ್, ಟ್ರೇನಿಂಗ್ ಕಿಟ್, ಲ್ಯಾಪ್‌ಟಾಪ್ ಡೆಪಾಸಿಟ್, ಜಿಎಸ್‌ಟಿ ಎಂದು ಯಾವ ಹೆಸರಿನಲ್ಲಿ ಕೇಳಿದರೂ ಅದು ಮೋಸ. ವಿಡಿಯೊ ಲೈಕ್ ಮಾಡಿ, ಹೋಟೆಲಿಗೆ ರೇಟಿಂಗ್ ಕೊಡಿ ಎಂದು ಮೊದಲು ನೂರಿನ್ನೂರು ರೂಪಾಯಿ ನಿಜವಾಗಿ ಹಾಕುತ್ತಾರೆ. ಆಮೇಲೆ ಟೆಲಿಗ್ರಾಂ ಗುಂಪಿಗೆ ಸೇರಿಸಿ, ಹೆಚ್ಚು ಕಮಿಷನ್ ಬೇಕಿದ್ದರೆ ಮೊದಲು ನೀವು ಐದು ಸಾವಿರ ಹಾಕಿ ಎನ್ನುತ್ತಾರೆ. ಅಲ್ಲಿಂದ ಮುಂದೆ ಹೋದದ್ದು ವಾಪಸು ಬರುವುದು ಅಪರೂಪ. ಇನ್ನು ಕೆಲವರು ಟೈಪಿಂಗ್ ಕೆಲಸ ಕೊಟ್ಟು, ನೀವು ತಪ್ಪು ಮಾಡಿದ್ದೀರಿ, ಒಪ್ಪಂದ ಮುರಿದಿದ್ದೀರಿ ಎಂದು ವಕೀಲರ ನೋಟಿಸಿನಂಥ ಕಾಗದ ಕಳಿಸಿ ಹೆದರಿಸಿ ದುಡ್ಡು ಕೀಳುತ್ತಾರೆ.

ನಿಜವಾದ ಕಂಪನಿ ಇಂಟರ್‌ವ್ಯೂ ಮಾಡುತ್ತದೆ, ಸ್ವಂತ ಡೊಮೈನಿನ ಇಮೇಲಿನಿಂದ ಆಫರ್ ಲೆಟರ್ ಕಳಿಸುತ್ತದೆ, ಪಿಎಫ್, ಟಿಡಿಎಸ್ ವಿಷಯ ಮಾತಾಡುತ್ತದೆ. ಆ ಇಮೇಲ್ ವಿಳಾಸ ಕಂಪನಿಯದ್ದೇ ಹೌದೇ ಎಂದು ಅವರ ಅಧಿಕೃತ ವೆಬ್‌ಸೈಟಿನಲ್ಲಿರುವ ನಂಬರಿಗೆ ಫೋನ್ ಮಾಡಿ ಕೇಳಿ. ಮೆಸೇಜಿನಲ್ಲೇ ಕೊಟ್ಟಿರುವ ನಂಬರಿಗೆ ಅಲ್ಲ. ದುಡ್ಡು ಈಗಾಗಲೇ ಹೋಗಿದ್ದರೆ ಮನೆಯವರು ಬೈಯುತ್ತಾರೆಂದು ರಾತ್ರಿ ಕಳೆಯಬೇಡಿ, ಕೂಡಲೇ 1930ಕ್ಕೆ ಕರೆ ಮಾಡಿ. ಮೋಸಗಾರರು ಆ ದುಡ್ಡನ್ನು ಮುಂದಿನ ಖಾತೆಗೆ ದಾಟಿಸುವ ಮೊದಲೇ ದೂರು ತಲುಪಿದರೆ ಬ್ಯಾಂಕು ಅದನ್ನು ಅಲ್ಲೇ ತಡೆಹಿಡಿಯಲು ಅವಕಾಶ ಇರುತ್ತದೆ.